ಸಾಕು ಎಂಬ ಎರಡಕ್ಷರ

ನಮ್ಮ ಮನೆಯ ಟೀವಿ ಸ್ಟ್ಯಾಂಡಿನ ಮೇಲೆ ಒಬ್ಬ ನಗುವ ಬುದ್ಧ ಕೂತಿದ್ದಾನೆ. ಗೃಹಪ್ರವೇಶಕ್ಕೆ ಬಂದವರು ಕೊಟ್ಟದ್ದು. ಯಾರು ಕೊಟ್ಟರೆಂದು ಈಗ ನೆನಪಿಲ್ಲ, ಏಕೆಂದರೆ ಆವತ್ತು ಒಟ್ಟು ನಾಲ್ವರು ಬುದ್ಧರೂ ಆರು ಗೋಡೆ ಗಡಿಯಾರಗಳೂ ಬಂದಿದ್ದವು. ಗಡಿಯಾರಗಳನ್ನು ಮುಂದಿನ ಗೃಹಪ್ರವೇಶಗಳಿಗೆ ದಾಟಿಸಿದೆವು, ಮೂವರು ಬುದ್ಧರನ್ನೂ ಅವುಗಳ ಹಿಂದೆಯೇ ಕಳಿಸಿದೆವು. ಈ ನಾಲ್ಕನೆಯವನ ಕಿವಿ ಚೂರು ಮುಕ್ಕಾಗಿದ್ದರಿಂದ ನಮ್ಮಲ್ಲೇ ಉಳಿದ. ಹೊಟ್ಟೆ ಸವರಿದರೆ ದುಡ್ಡು ಬರುತ್ತದೆಂದು ಯಾರೋ ಹೇಳಿದ್ದರಿಂದ ಮನೆಗೆ ಬಂದವರೆಲ್ಲ ಸವರಿ ಸವರಿ ಹೊಕ್ಕುಳಿನ ಸುತ್ತ ಬಣ್ಣ ಹೋಗಿದೆ. ದುಡ್ಡು ಇನ್ನೂ ದಾರಿಯಲ್ಲಿದೆ.

ಅವನ ಎದುರಿಗೇ ನನ್ನ ಕುರ್ಚಿ. ಹೋದ ತಿಂಗಳು ಮೊಮ್ಮಗಳು ಅವನ ಹೊಟ್ಟೆ ಸವರಿ, ಅದೇ ಕೈಯಲ್ಲಿ ಬಂದು ನನ್ನ ಹೊಟ್ಟೆಯನ್ನೂ ಸವರಿ, "ತಾತಾ, ಇದರಿಂದಲೂ ದುಡ್ಡು ಬರತ್ತಾ?" ಎಂದಳು. "ಅದರಿಂದ ದುಡ್ಡು ಹೋಗತ್ತೆ ಪುಟ್ಟಿ, ಔಷಧಿ ಅಂಗಡಿಗೆ" ಎಂದು ಅಡುಗೆಮನೆಯಿಂದ ಉತ್ತರ ಬಂತು. ನಲವತ್ತು ವರ್ಷದ ದಾಂಪತ್ಯದಲ್ಲಿ ನನ್ನ ಹೆಂಡತಿಗೆ ಅಡುಗೆಮನೆಯಿಂದಲೇ ಗುರಿ ತಪ್ಪದೆ ಹೊಡೆಯುವ ಶಬ್ದವೇಧಿ ವಿದ್ಯೆ ಸಿದ್ಧಿಸಿದೆ.

ಈ ನಗುವವನು ಅಸಲಿಗೆ ಬುದ್ಧನೇ ಅಲ್ಲ ಎಂದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ಇವನು ಚೀನಾದಲ್ಲಿ ಸುಮಾರು 1,100 ವರ್ಷಗಳ ಹಿಂದೆ ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು ಊರೂರು ಅಲೆಯುತ್ತಿದ್ದನೆನ್ನುವ ಒಬ್ಬ ಭಿಕ್ಷು. ಇವನ ಹೆಸರು ಬುದಾಯ್, ಹಾಗೆಂದರೆ ಬಟ್ಟೆಯ ಚೀಲ ಎಂದೇ ಅರ್ಥವಂತೆ, ಅಂದರೆ ನಮ್ಮ ಕಡೆ ಹುಟ್ಟಿದ್ದರೆ ಜೋಳಿಗೆಪ್ಪ ಎನ್ನುತ್ತಿದ್ದರು. ಮುಂದೆ ಬರಲಿರುವ ಮೈತ್ರೇಯ ಬುದ್ಧನೇ ಇವನಾಗಿ ಬಂದಿದ್ದನೆಂದು ಅಲ್ಲಿಯ ಜನ ನಂಬಿದರು. ನಿಜವಾದ ಸಿದ್ಧಾರ್ಥನ ಹೊಟ್ಟೆ ನೋಡಬೇಕಾದರೆ ಲಾಹೋರಿನ ಮ್ಯೂಸಿಯಮ್ಮಿನಲ್ಲಿರುವ ಗಾಂಧಾರ ಶಿಲ್ಪದ ಚಿತ್ರ ನೋಡಿ. ಪಕ್ಕೆಲುಬು ಒಂದೊಂದೂ ಎಣಿಸುವ ಹಾಗೆ, ಕಣ್ಣು ಹಾಳುಬಾವಿಯ ತಳದ ನೀರಿನ ಹಾಗೆ, ಹೊಟ್ಟೆ ಎಂಬುದು ಇರಬೇಕಾದ ಜಾಗದಲ್ಲಿ ಒಂದು ಗುಂಡಿ. ಆರು ವರ್ಷ ದೇಹ ದಂಡಿಸಿ, ಹೊಟ್ಟೆ ಮುಟ್ಟಿಕೊಂಡರೆ ಬೆನ್ನುಮೂಳೆ ಕೈಗೆ ಸಿಗುವಷ್ಟಾದ ಮೇಲೆ, ಇದರಿಂದ ಏನೂ ಹುಟ್ಟುವುದಿಲ್ಲವೆಂದು ಕಂಡುಕೊಂಡು, ಸುಜಾತೆ ಕೊಟ್ಟ ಪಾಯಸ ಉಂಡು ಆತ ಅರಳಿಮರದ ಕೆಳಗೆ ಕೂತ. ಪಾಯಸ ಉಂಡು ಬೋಧಿಯ ಕಡೆ ನಡೆದ ಗುರು ಎಂಬ ಕಾರಣಕ್ಕೇ ನನಗೆ ಅವನ ಮೇಲೆ ವಿಶೇಷ ಭಕ್ತಿ. ನಾನೂ ಪಾಯಸದ ತನಕ ಅವನ ದಾರಿಯಲ್ಲೇ ಇದ್ದೇನೆ, ಆಮೇಲೆ ಮರದ ಕೆಳಗೆ ಕೂರುವ ಬದಲು ಚಾಪೆಯ ಮೇಲೆ ಮಲಗುತ್ತೇನೆ, ಅಷ್ಟೇ ವ್ಯತ್ಯಾಸ.

ಆ ಗುಂಡಿಗೂ ಈ ಗುಡಾಣಕ್ಕೂ ನಡುವೆ ಎಲ್ಲೋ ಮಧ್ಯಮ ಮಾರ್ಗ ಇರಬೇಕಲ್ಲ, ಅದನ್ನು ಹುಡುಕಿಕೊಂಡು ಹೋದದ್ದು ಬ್ಯಾಂಕಾಕಿಗೆ. ಬ್ಯಾಂಕಾಕಿಗೆ ಹೋಗಿದ್ದೆ ಎಂದರೆ ನಮ್ಮೂರಿನಲ್ಲಿ ಕೇಳಿದವರ ಮುಖದ ಮೇಲೆ ಒಂದು ಥರದ ಕಳ್ಳ ನಗೆ ಮೂಡುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಹೆಂಡತಿಯ ಜೊತೆ ಹೋಗಿದ್ದೆ, ಅಕ್ಕನ ಮಗನ ಮನೆಯಲ್ಲಿ ಉಳಿದಿದ್ದೆ, ನೋಡಿದ್ದು ಬರೀ ದೇವಸ್ಥಾನಗಳನ್ನು, ಮಾಡಿದ್ದು ಬರೀ ಊಟವನ್ನು.

ಎರಡನೆಯ ದಿನ ಬೆಳಗ್ಗೆ ಅಕ್ಕನ ಮಗ ಎಬ್ಬಿಸಿ, "ಮಾವ, ಬನ್ನಿ, ಪಿಂಡಪಾತ ತೋರಿಸ್ತೀನಿ" ಎಂದ. ಪಿಂಡ ಎಂಬ ಪದ ಕೇಳಿ, ಅದೂ ನಸುಕಿನಲ್ಲಿ, ನನ್ನ ಹೆಂಡತಿ ಬೆಚ್ಚಿದಳು. ಭಿಕ್ಷುಗಳ ಬೆಳಗಿನ ಭಿಕ್ಷಾಟನೆ ಅದು, ಅಲ್ಲಿಯವರು ಬಿಂತಬಾತ್ ಎನ್ನುತ್ತಾರೆ. ಪಾಲಿಯ ಪಿಂಡಪಾತವೇ ಸಮುದ್ರ ದಾಟುವಾಗ ಸ್ವಲ್ಪ ನೆನೆದು ಹಾಗಾಗಿದೆ. ಆ ಭಾಷೆಯ ತುಂಬ ನಮ್ಮ ನೆಂಟರೇ ಇದ್ದಾರೆ. ಬುನ್ ಎಂದರೆ ಪುಣ್ಯ, ಬಾತ್ ಎಂದರೆ ಭಿಕ್ಷಾಪಾತ್ರೆ, ಆಹಾನ್ ಎಂದರೆ ಆಹಾರ, ರೋಕ್ ಎಂದರೆ ರೋಗ. ಹೀಗೆ ಆಹಾರದಿಂದ ರೋಗದವರೆಗೆ ಭಾಷೆಯ ತೊಂದರೆಯಿಲ್ಲದೆ ಹೋಗಿಬರಬಹುದು.

ಬೀದಿಯಲ್ಲಿ ಅರಿಸಿನ ಕಾಷಾಯದ ಭಿಕ್ಷುಗಳು ಬರಿಗಾಲಿನಲ್ಲಿ ಸಾಲಾಗಿ ಬರುತ್ತಿದ್ದರು. ಮಾತಿಲ್ಲ, 'ಭವತಿ ಭಿಕ್ಷಾಂದೇಹಿ' ಇಲ್ಲ, ಶಂಖ ಜಾಗಟೆ ಇಲ್ಲ. ಜನ ಚಪ್ಪಲಿ ಬಿಟ್ಟು ನಿಂತು ಪಾತ್ರೆಗೆ ಹಾಕುತ್ತಾರೆ, ಮಂಡಿಯೂರಿ ಆಶೀರ್ವಾದ ಪಡೆಯುತ್ತಾರೆ. ನನ್ನ ಕಣ್ಣು ಸಹಜವಾಗಿಯೇ ಆಶೀರ್ವಾದಕ್ಕಿಂತ ಪಾತ್ರೆಯ ಕಡೆ ಹೋಯಿತು. ಅನ್ನ ಒಂದು ಪ್ಲಾಸ್ಟಿಕ್ ಚೀಲ, ತೆಂಗಿನಹಾಲಿನಲ್ಲಿ ತೇಲುವ ಸಾರಿನಂಥದ್ದು ಇನ್ನೊಂದು, ಅದಕ್ಕೆ ಗಾಳಿ ತುಂಬಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ, ಕರಿದದ್ದು ಬೇರೆ, ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ಶಾವಿಗೆಯಂತೆ ಎಳೆದ ಫೋಯ್ ಥೋಂಗ್ ಎಂಬ ಸಿಹಿ ಬೇರೆ (ಥೋಂಗ್ ಎಂದರೆ ಚಿನ್ನ, ಹಾಗಾಗಿ ಮಂಗಳಕರ, ನಮ್ಮಲ್ಲಿಯೂ ಮಂಗಳಕರವಾದದ್ದೆಲ್ಲ ಸಿಹಿಯೇ ಅಲ್ಲವೆ), ಮೇಲೊಂದು ಡಬ್ಬಿಯಲ್ಲಿ ಸಿಹಿ ಹಾಲು, ಒಂದು ಬಾಟಲಿ ತಂಪು ಟೀ. ಬಹಳಷ್ಟು ಜನ ಇದನ್ನೆಲ್ಲ ಮನೆಯಲ್ಲಿ ಮಾಡುವುದಿಲ್ಲ. ಪಕ್ಕದಲ್ಲೇ ಅಂಗಡಿ, ಭಿಕ್ಷೆಯ ಸೆಟ್ಟು ಸಿದ್ಧವಾಗಿರುತ್ತದೆ, ಕೊಂಡು ಹಾಕಿ ಆಫೀಸಿಗೆ ಹೋಗುತ್ತಾರೆ. ಪುಣ್ಯವೂ ಪಾರ್ಸೆಲ್ ಆಗಿದೆ.

ಅಕ್ಕನ ಮಗನ ಪಕ್ಕದ ಮನೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸು. ಆಕೆ ದಿನಾ ತಪ್ಪದೆ ಒಂದೇ ಪದಾರ್ಥ ನೀಡುತ್ತಾರೆ: ಹಂದಿಮಾಂಸ ಕರಿದದ್ದು, ಜೊತೆಗೆ ಗಟ್ಟಿ ಹಾಲು ಸುರಿದ ಐಸ್ ಕಾಫಿ. ಯಾಕೆ ದಿನಾ ಅದೇ ಎಂದು ಅವನ ಕೈಲಿ ಕೇಳಿಸಿದೆ. ತೀರಿಕೊಂಡ ಗಂಡನಿಗೆ ಅವೆರಡೂ ಪ್ರಾಣವಂತೆ. ಭಿಕ್ಷುಗಳಿಗೆ ನೀಡಿ, ಆಮೇಲೆ ಒಂದು ಸಣ್ಣ ಪಾತ್ರೆಯಿಂದ ನೀರು ಬಿಟ್ಟು ಹೆಸರು ಹೇಳಿದರೆ ಆ ಪುಣ್ಯ ಅವನಿಗೆ ಮುಟ್ಟುತ್ತದೆ. ಥೇಟು ನಮ್ಮ ಎಳ್ಳುನೀರು. ನನಗೆ ಕಣ್ಣು ಹನಿಗೂಡಿತು. ಆದರೆ ಮೇಷ್ಟರ ಬುದ್ಧಿ, ಇನ್ನೊಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ. "ಅವರು ಏನಾಗಿ ಹೋದರು ಅಂತ ಕೇಳು."

ಕೇಳಿದ. ಆಕೆ ಕೈ ಮುಗಿದು ಹೇಳಿದರು. ಅವನು ನನ್ನ ಕಡೆ ತಿರುಗಿ, "ಶುಗರ್, ಮಾವ" ಎಂದ.

ನಗಬಾರದು, ನಾವು ಮಾಡುವುದೂ ಅದನ್ನೇ. ನಮ್ಮಪ್ಪನಿಗೆ ಆಂಬೊಡೆ ಎಂದರೆ ಆಯಿತು. ಕೊನೆಯ ಎರಡು ವರ್ಷ ಡಾಕ್ಟರು ಎಣ್ಣೆಯ ವಾಸನೆಯೂ ಕೂಡದೆಂದಿದ್ದರು, ನಾವು ಕೊಡಲಿಲ್ಲ, ಅವರು ಮುನಿಸಿಕೊಂಡೇ ಹೋದರು. ಆ ಪಾಪಪ್ರಜ್ಞೆಗೆ ಪ್ರತಿವರ್ಷ ತಿಥಿಯ ದಿನ ಎಲೆಯಲ್ಲಿ ಆಂಬೊಡೆಯ ಗೋಪುರ ಕಟ್ಟುತ್ತೇವೆ. ಅದನ್ನು ಕರಗಿಸುವ ಜವಾಬ್ದಾರಿ ಪುರೋಹಿತರದ್ದು. ಅವರು ಪಾಪ ಪಂಚೆಯ ಗಂಟಿನಿಂದ ಒಂದು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡು, "ಪಿತೃಗಳು ತೃಪ್ತರಾಗಲಿ" ಎನ್ನುತ್ತ ಗೋಪುರಕ್ಕೆ ಕೈ ಹಾಕುತ್ತಾರೆ. ಪುಣ್ಯ ನಮ್ಮದು, ತೃಪ್ತಿ ಅಪ್ಪನದು, ಕೊಲೆಸ್ಟರಾಲ್ ಅವರದು.

ಥಾಯ್ಲೆಂಡಿನಲ್ಲಿ ಸುಮಾರು 3 ಲಕ್ಷ ಭಿಕ್ಷುಗಳಿದ್ದಾರೆ. ಬ್ಯಾಂಕಾಕಿನ ಚುಲಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಆಹಾರತಜ್ಞೆ ಜೊಂಗ್‌ಜಿತ್ ಅಂಗ್‌ಕತವಾನಿಚ್ ಎಂಬವರು ಅವರ ತೂಕದ ವಿಚಾರಕ್ಕೇ ಕೈಹಾಕಿದವರು. ಅವರ ತಂಡದ ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಭಿಕ್ಷುಗಳು ಸ್ಥೂಲಕಾಯರು, ನೂರಕ್ಕೆ 48. ಸಕ್ಕರೆ ಕಾಯಿಲೆ, ರಕ್ತದೊತ್ತಡ ಜೊತೆಗೆ. ವಿಚಿತ್ರವೆಂದರೆ ಅವರು ಊಟ ಮಾಡುವುದು ಸಾಮಾನ್ಯ ಗಂಡಸರಿಗಿಂತ ಕಡಿಮೆಯೇ. ಒಂದು ಅಥವಾ ಎರಡು ಹೊತ್ತು, ಅದೂ ಮಧ್ಯಾಹ್ನ ಹನ್ನೆರಡರೊಳಗೆ. ಆಮೇಲೆ ಮರುದಿನ ಅರುಣೋದಯದ ತನಕ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ನಮ್ಮ ಸೊಸೆ ಈಗ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು, ತಿಂಗಳಿಗಿಷ್ಟು ದುಡ್ಡು ಕಟ್ಟಿ ಮಾಡುತ್ತಿರುವ ಇಂಟರ್‌ಮಿಟೆಂಟ್ ಫಾಸ್ಟಿಂಗ್ ಎಂಬ ಮಹಾವ್ರತ ಇದೇ. ಅದನ್ನು ಎರಡೂವರೆ ಸಾವಿರ ವರ್ಷದಿಂದ ಮಾಡುತ್ತಿರುವವರಿಗೆ ಹೊಟ್ಟೆ ಬಂದದ್ದು ಹೇಗೆ?

ಬಂದದ್ದು ಗ್ಲಾಸಿನ ಮೂಲಕ. ವಿಕಾಲಭೋಜನ ನಿಷಿದ್ಧ, ಪಾನಕ ನಿಷಿದ್ಧವಲ್ಲ. ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದಲ್ಲಿ ಎಂಟು ಬಗೆಯ ಪಾನಕಗಳಿಗೆ ಅಪ್ಪಣೆಯಿದೆ: ಮಾವು, ನೇರಳೆ, ಬಾಳೆ, ದ್ರಾಕ್ಷಿ ಹೀಗೆ, ಚೆನ್ನಾಗಿ ಸೋಸಿರಬೇಕು. ಕಾಯಿಲೆಯವರಿಗೆ ಔಷಧಿಯಾಗಿ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ, ಈ ಐದನ್ನು ಏಳು ದಿನ ಇಟ್ಟುಕೊಳ್ಳಬಹುದು. ಕರುಣೆಯಿಂದ ತೆರೆದ ಸಣ್ಣ ಕಿಟಕಿ ಅದು. ಆ ಕಿಟಕಿಯಿಂದ ಈಗ ಸೋಡಾ, ಸಿಹಿ ಟೀ, ಎನರ್ಜಿ ಡ್ರಿಂಕು, ಐಸ್ ಕಾಫಿ ಎಲ್ಲ ಒಳಗೆ ಬಂದಿವೆ. ಹಸಿದ ಸಂಜೆಗೆ ಭಕ್ತರು ತಂದಿಟ್ಟ ಬಾಟಲಿ, ಅದರೊಳಗೆ ಸಕ್ಕರೆಯ ಪಾಕ. ಕೆಲವು ಕಡೆಯ ವಿಹಾರಗಳಲ್ಲಿ ಕಪ್ಪು ಚಾಕೊಲೇಟೂ ಔಷಧಿಯ ಪಂಕ್ತಿಯಲ್ಲಿ ಕೂತಿದೆಯಂತೆ. ಇಂಥ ಔಷಧಿ ನಮ್ಮ ಡಾಕ್ಟರು ಬರೆದುಕೊಟ್ಟಿದ್ದರೆ ನಾನು ಒಂದು ಹೊತ್ತೂ ತಪ್ಪಿಸುತ್ತಿರಲಿಲ್ಲ.

ಮತ್ತೆ ಹೇಳುತ್ತೇನೆ, ನಗಬಾರದು. ನಮ್ಮಜ್ಜಿ ಶನಿವಾರ ಒಪ್ಪತ್ತು ಮಾಡುತ್ತಿದ್ದಳು. ಒಪ್ಪತ್ತು ಎಂದರೆ ಒಂದೇ ಹೊತ್ತು ಊಟ. ರಾತ್ರಿ ಊಟ ಇಲ್ಲ, ಪಲಾರ ಮಾತ್ರ. ಪಲಾರ ಎಂದರೆ ಫಲಾಹಾರ, ಹಣ್ಣು ಎಂದು ಶಾಸ್ತ್ರ ಓದಿದವರು ತಿಳಿಯಬಹುದು; ನಮ್ಮ ಮನೆಯಲ್ಲಿ ಅದು ಉದ್ದಿನ ದೋಸೆ, ಗಟ್ಟಿ ಚಟ್ನಿ, ಅಂಗೈಯಗಲ ಬೆಣ್ಣೆ. ಅನ್ನ ಮುಟ್ಟಿದರೆ ವ್ರತಭಂಗ, ಆದ್ದರಿಂದ ಅಜ್ಜಿ ಅನ್ನದ ತಪ್ಪಲೆಯ ಕಡೆ ತಿರುಗಿಯೂ ನೋಡದೆ ಒಂಬತ್ತು ದೋಸೆ ತಿನ್ನುತ್ತಿದ್ದಳು. ನಾನು ಅವಳ ಪಕ್ಕ ಕೂತು ಸಹಾನುಭೂತಿಯಿಂದ ಐದು ತಿನ್ನುತ್ತಿದ್ದೆ. ವ್ರತ ಅವಳದು, ಫಲ ಇಬ್ಬರದೂ.

ಅಜ್ಜಿಯ ಹೆಸರು ಬಂದಮೇಲೆ ಶ್ರಾವಣ ಶನಿವಾರದ ವಿಷಯ ಹೇಳದೆ ಮುಂದೆ ಹೋಗುವುದು ಕೃತಘ್ನತೆಯಾಗುತ್ತದೆ. ತುಮಕೂರು ಸೀಮೆಯ ನಮ್ಮೂರಿನಲ್ಲಿ ಶ್ರಾವಣದ ಶನಿವಾರ ಬೆಳಗ್ಗೆ ಹುಡುಗರು ತಲೆಗೆ ನೀರು ಹಾಕಿಕೊಂಡು, ಹಣೆಗೆ ಮೂರುನಾಮ ಬಳಿದುಕೊಂಡು, ಕೈಲೊಂದು ಹಿತ್ತಾಳೆ ಚೊಂಬು ಹಿಡಿದು "ವೆಂಕಟರಮಣ ಗೋವಿಂದಾ ಗೋವಿಂದ" ಎಂದು ಕೂಗುತ್ತ ಮನೆ ಮನೆಗೆ ಹೋಗಿ ಭಿಕ್ಷೆ ಎತ್ತಬೇಕು. ಉಳ್ಳವರ ಮನೆಯ ಹುಡುಗನಾದರೂ ಬಿಡುವಂತಿಲ್ಲ, ಹರಕೆ. ನನಗೆ ಎಂಟು ವರ್ಷ, ಸುತ್ತಳತೆ ವಯಸ್ಸಿಗಿಂತ ಮುಂದೆ. ಚಡ್ಡಿಯ ಮೇಲೆ ಹೊಟ್ಟೆ, ಹೊಟ್ಟೆಯ ಮೇಲೆ ಚೊಂಬು. ಕೊನೆಯ ಬೀದಿಯ ಒಬ್ಬ ಅಜ್ಜಿ ಮೊರದಲ್ಲಿ ಅಕ್ಕಿ ತಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ ನನ್ನಪ್ಪಾ, ನೀನು ಬೇಡೋಕೆ ಬಂದಿದೀಯೋ, ಸಾಲ ವಸೂಲಿಗೆ ಬಂದಿದೀಯೋ?" ಎಂದಳು. ಬೀದಿಯೆಲ್ಲ ನಕ್ಕಿತು. ನಾನು ಅಳುತ್ತ ಬಂದು ಅಜ್ಜಿಯ ಸೆರಗು ಹಿಡಿದರೆ ಅವಳು, "ಅಂದರೆ ಅಂದುಕೊಳ್ಳಲಿ ಮಗಾ, ಬೇಡೋನಿಗೆ ಮಾನ ಇರಬಾರದು ಅಂತಲೇ ಈ ವ್ರತ" ಎಂದು ಸಮಾಧಾನಕ್ಕೆ ಕೈಗೊಂದು ಕಡುಬು ಇಟ್ಟಳು.

ಆ ಭಿಕ್ಷೆಯ ಅಕ್ಕಿಯನ್ನು ಅದೇ ದಿನ ಬೇಯಿಸಬೇಕು. ಹತ್ತು ಮನೆಯ ಅಕ್ಕಿ: ಒಬ್ಬರದು ಸಣ್ಣ, ಒಬ್ಬರದು ದಪ್ಪ, ಒಬ್ಬರದು ನುಚ್ಚು, ಇನ್ನೊಬ್ಬರದು ಕಲ್ಲು ಬೆರೆತದ್ದು. ಒಂದೇ ತಪ್ಪಲೆಯಲ್ಲಿ ಕೆಲವು ಅಗುಳು ಕರಗಿ ಗಂಜಿಯಾಗಿ, ಕೆಲವು ಹಲ್ಲಿಗೆ ಕಟಕ್ಕೆನ್ನುತ್ತಿದ್ದವು. ವರ್ಷದಲ್ಲಿ ನಾನು ಎರಡನೆಯ ಸಲ ಬಡಿಸಿಕೊಳ್ಳದ ಊಟ ಅದೊಂದೇ. ಎಷ್ಟೋ ವರ್ಷದ ಮೇಲೆ, ಥಾಯ್ ಅರಣ್ಯವಾಸಿ ಭಿಕ್ಷುಗಳು ಬಂದ ಅನ್ನ, ಸಾರು, ಮಾವಿನಹಣ್ಣು, ಸಿಹಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿಕೊಂಡು ಒಂದೇ ಸಲ ಕೂತು ಉಣ್ಣುತ್ತಾರೆಂದು ಓದಿದಾಗ ನನ್ನ ನಾಲಿಗೆಗೆ ಆ ಶ್ರಾವಣದ ಅನ್ನ ನೆನಪಾಯಿತು. ರುಚಿಯನ್ನು ಗೆಲ್ಲಲು ತಪಸ್ಸು ಬೇಕಿಲ್ಲ, ಬೆರೆಸಿದರೆ ಸಾಕು.

ಬುದ್ಧನ ಕಾಲದಲ್ಲೂ ಈ ಹೊಟ್ಟೆಯದೇ ರಗಳೆ. ಹೊತ್ತು ಮೀರಿ ಉಣ್ಣಬಾರದೆಂಬ ನಿಯಮ ಬರುವ ಮುನ್ನ ಭಿಕ್ಷುಗಳು ಕತ್ತಲಲ್ಲೂ ಭಿಕ್ಷೆಗೆ ಹೋಗುತ್ತಿದ್ದರಂತೆ. ಮಜ್ಝಿಮನಿಕಾಯದಲ್ಲಿ ಉದಾಯಿ ಎಂಬ ಭಿಕ್ಷು ಹಳೆಯ ಫಜೀತಿಗಳನ್ನು ನೆನೆಸಿಕೊಳ್ಳುತ್ತಾನೆ: ಕತ್ತಲಲ್ಲಿ ಒಬ್ಬ ಬಚ್ಚಲ ಗುಂಡಿಗೆ ಬಿದ್ದ, ಇನ್ನೊಬ್ಬ ಮಲಗಿದ್ದ ಹಸುವನ್ನು ಎಡವಿದ. ಉದಾಯಿಯೇ ಒಂದು ಕಾರ್ಗತ್ತಲ ರಾತ್ರಿ ಭಿಕ್ಷೆಗೆ ಹೋದಾಗ ಪಾತ್ರೆ ತೊಳೆಯುತ್ತಿದ್ದ ಹೆಂಗಸು ಮಿಂಚಿನ ಬೆಳಕಿನಲ್ಲಿ ಇವನನ್ನು ಕಂಡು ಪಿಶಾಚಿಯೆಂದು ಕಿರುಚಿಕೊಂಡಳು. ಪಿಶಾಚಿಯಲ್ಲ ತಾಯಿ, ಭಿಕ್ಷೆಗೆ ನಿಂತ ಭಿಕ್ಷು ಎಂದ ಮೇಲೆ ಅವಳು ಬೈದ ಬೈಗುಳವನ್ನು ಧರ್ಮಗ್ರಂಥ ಒಂದಕ್ಷರ ಬಿಡದೆ ಕಾಪಾಡಿದೆ. ಹೊಟ್ಟೆಗಾಗಿ ಹೀಗೆ ರಾತ್ರಿ ಅಲೆಯುವ ಬದಲು ಆ ಹೊಟ್ಟೆಯನ್ನೇ ಕಟುಕನ ಕತ್ತಿಯಿಂದ ಸೀಳಿಕೊಳ್ಳಬಾರದೆ ಎಂಬ ಧಾಟಿಯದು. ರಾತ್ರಿ ಹನ್ನೊಂದಕ್ಕೆ ನಾನು ದೀಪ ಹಾಕದೆ ಫ್ರಿಜ್ಜಿನ ಬಾಗಿಲು ತೆಗೆದು, ಅದರ ಬೆಳಕಿನಲ್ಲಿ ಸಿಕ್ಕಿಬಿದ್ದಾಗ ನನ್ನ ಹೆಂಡತಿ ಹೇಳಿದ್ದು ಇದಕ್ಕೆ ಹೋಲಿಸಿದರೆ ಮೈತ್ರಿ ಭಾವನೆಯಿಂದ ಕೂಡಿತ್ತು.

ಭಿಕ್ಷುಗಳ 227 ನಿಯಮಗಳಲ್ಲಿ 30 ಬರೀ ಊಟದ ಶಿಷ್ಟಾಚಾರದವು. ಕೆನ್ನೆ ಉಬ್ಬುವಷ್ಟು ತುಂಬಿಕೊಳ್ಳಬಾರದು, ತುತ್ತನ್ನು ಬಾಯೊಳಗೆ ಎಸೆಯಬಾರದು, ಕೈ ನೆಕ್ಕಬಾರದು, 'ಚಪುಚಪು' ಎನ್ನಿಸುತ್ತ ತಿನ್ನಬಾರದು, 'ಸುರುಸುರು' ಎನ್ನಿಸುತ್ತ ಕುಡಿಯಬಾರದು. ಚಪುಚಪು, ಸುರುಸುರು ನನ್ನ ಸೃಷ್ಟಿಯಲ್ಲ, ಪಾಲಿಯ ಮೂಲ ಪದಗಳೇ ಅವು. ಒಮ್ಮೆ ಸಂಘವೆಲ್ಲ ಕೂತು ಹಾಲು ಸುರುಸುರು ಹೀರುವಾಗ, ಹಿಂದೆ ನಟನಾಗಿದ್ದ ಒಬ್ಬ ಭಿಕ್ಷು, ಇಡೀ ಸಂಘಕ್ಕೇ ಚಳಿ ಹತ್ತಿದಂತಿದೆ ಎಂದು ತಮಾಷೆ ಮಾಡಿದನಂತೆ. ನಮ್ಮೂರ ಹೋಟೆಲಿನಲ್ಲಿ ಸಾಸರಿಗೆ ಬಗ್ಗಿಸಿಕೊಂಡು ಕಾಫಿ ಹೀರುವ ಸಂಘವನ್ನು ಅವನು ನೋಡಬೇಕಿತ್ತು.

ಇನ್ನು ಗೃಹಸ್ಥರಿಗೆ ಆದರ್ಶಪುರುಷನೆಂದರೆ ಕೋಸಲದ ರಾಜ ಪಸೇನದಿ. ಒಂದು ದ್ರೋಣ ಅಕ್ಕಿಯ ಅನ್ನ ಉಣ್ಣುತ್ತಿದ್ದ ಮಹಾರಾಜ, ದ್ರೋಣ ಎಂದರೆ ಕೊಳಗದ ಲೆಕ್ಕ, ಊಟ ಮುಗಿಸಿ ಏದುಸಿರು ಬಿಡುತ್ತ ಬುದ್ಧನ ಮುಂದೆ ಬಂದು ಕೂತ. ಬುದ್ಧ ಬೈಯಲಿಲ್ಲ. ಎಚ್ಚರದಿಂದ ಮಿತವಾಗಿ ಉಂಡವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಎಂಬರ್ಥದ ನಾಲ್ಕು ಸಾಲು ಹೇಳಿದ. ರಾಜ ಅದನ್ನು ತಾನು ಬಾಯಿಪಾಠ ಮಾಡಲಿಲ್ಲ, ರಾಜರು ಮಾಡುವ ಕೆಲಸವಲ್ಲ ಅದು. ಹಿಂದೆ ನಿಂತಿದ್ದ ಒಬ್ಬ ಹುಡುಗನಿಗೆ ಕಲಿಸಿ, ದಿನಾ ತಾನು ಊಟಕ್ಕೆ ಕೂತಾಗ ಹೇಳಲು ನೇಮಿಸಿದ. ದಿನಕ್ಕೆ 100 ಕಹಾಪಣ ಸಂಬಳ. ಕ್ರಮೇಣ ಊಟ ಒಂದು ನಾಳಿಗೆ, ಅಂದರೆ ಸೇರಿನ ಲೆಕ್ಕಕ್ಕೆ ಇಳಿಯಿತು, ರಾಜ ತೆಳ್ಳಗಾಗಿ ತನ್ನ ಮೈಯನ್ನು ತಾನೇ ಸವರಿಕೊಂಡು ಹಿಗ್ಗಿದ. ಸಂಯುತ್ತನಿಕಾಯದಲ್ಲಿರುವ ಈ ಕತೆ ಓದಿ ಹೆಂಡತಿಗೆ ಹೇಳಿದೆ. "ನಾನು ನಲವತ್ತು ವರ್ಷದಿಂದ ದಿನಾ ಹೇಳ್ತಾ ಇದೀನಲ್ರೀ, ನನ್ನ ಕಹಾಪಣ ಎಲ್ಲಿ?" ಎಂದಳು.

ಥಾಯ್ಲೆಂಡಿನವರೂ ಆ ಹುಡುಗನಂಥವರನ್ನು ನೇಮಿಸಿಕೊಂಡಿದ್ದಾರೆ. 2017ರ ಡಿಸೆಂಬರಿನಲ್ಲಿ ಭಿಕ್ಷುಗಳ ಆರೋಗ್ಯಕ್ಕೆಂದೇ ಒಂದು ರಾಷ್ಟ್ರೀಯ ಸನ್ನದು ಹೊರಟಿತು. ಭಕ್ತರು ಒಳ್ಳೆಯ ಆಹಾರ ನೀಡಬೇಕು, ಭಿಕ್ಷುಗಳು ವಿಹಾರದ ಕಸ ಗುಡಿಸುವಂಥ ಮೈಮುರಿವ ಕೆಲಸ ಮಾಡಬೇಕು ಎಂದು. ಕಾಷಾಯ ಉಟ್ಟವರು ಪಾರ್ಕಿನಲ್ಲಿ ಓಡಿದರೆ ನೋಡುವವರಿಗೆ ಸರಿಬರುವುದಿಲ್ಲವಲ್ಲ. ನಾನು ಪಂಚೆಯುಟ್ಟು ಓಡಿದರೂ ಬರುವುದಿಲ್ಲ. ಜೊಂಗ್‌ಜಿತ್ ಅವರ ತಂಡ ಇನ್ನೊಂದು ಉಪಾಯ ಮಾಡಿತು. ಕಾಷಾಯಕ್ಕೆ ಗುಂಡಿಯಿಲ್ಲ, ಬೆಲ್ಟಿನ ತೂತಿಲ್ಲ, ಹೊಟ್ಟೆ ಬೆಳೆದದ್ದು ಅದರೊಳಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಭಿಕ್ಷುಗಳು ಕಟ್ಟಿಕೊಳ್ಳುವ ಸೊಂಟಪಟ್ಟಿಗೇ ಅಳತೆಯ ಗುರುತು ಹಾಕಿಕೊಟ್ಟರು. ನನ್ನ ಪ್ಯಾಂಟುಗಳು ಈ ಕೆಲಸವನ್ನು ಬಹುಕಾಲ ಪ್ರಾಮಾಣಿಕವಾಗಿ ಮಾಡಿದವು. ಕೊನೆಗೆ ಅವುಗಳ ಬಾಯಿ ಮುಚ್ಚಿಸಲು ಎಲಾಸ್ಟಿಕ್ ಹಾಕಿಸಿದೆ.

ಇದಿಷ್ಟೂ ಉಣ್ಣುವವನ ಕಡೆಯ ಉಪಾಯವಾಯಿತು. ಬಡಿಸುವವರ ಕೈ ಹಿಡಿಯುವವರು ಯಾರು? ಭಿಕ್ಷುವಿನ ಕಷ್ಟ ನನಗೆ ಅರ್ಥವಾಗುವುದು ಇಲ್ಲಿ. ಪಾತ್ರೆಗೆ ಬಿದ್ದದ್ದನ್ನು ಅವನು ಬೇಡವೆನ್ನುವಂತಿಲ್ಲ, ಕೊಟ್ಟವರ ಪುಣ್ಯಕ್ಕೆ ಕಲ್ಲು ಹಾಕಿದಂತೆ. ನಾನೂ ಬೇಡವೆನ್ನುವಂತಿಲ್ಲ, ಅತ್ತಿಗೆಯ ಮುಖ ಸಣ್ಣದಾಗುತ್ತದೆ. ನಮ್ಮ ಕಡೆ ಪಂಕ್ತಿಯಲ್ಲಿ 'ಸಾಕು' ಎಂಬ ಮಾತಿಗೆ ಅರ್ಥವೇ ಇಲ್ಲ. ಮೊದಲ ಸಾಕು ಸಂಕೋಚ, ಎರಡನೆಯ ಸಾಕು ಮರ್ಯಾದೆ, ಮೂರನೆಯ ಸಲ ಎಲೆಯ ಮೇಲೆ ಎರಡೂ ಕೈ ಚಾಚಿ ಮಲಗಿದರೂ ಬೆರಳ ಸಂದಿಯಿಂದ ತುಪ್ಪ ಇಳಿಯುತ್ತದೆ. ನಮ್ಮ ದೊಡ್ಡಮ್ಮ ಹೋಳಿಗೆ ಬಡಿಸುವಾಗ "ಅರ್ಧ ಹಾಕ್ತೀನಿ" ಎನ್ನುತ್ತಿದ್ದಳು. ಅವಳ ಗಣಿತದಲ್ಲಿ ಅರ್ಧ ಎಂದರೆ ಎರಡು. ಬೈಲಕುಪ್ಪೆಗೆ ಹೋದಾಗಲೂ ಇದನ್ನೇ ಕಂಡೆ. ಟಿಬೆಟಿನಿಂದ ಬಂದವರು 1960ರ ಸುಮಾರಿಗೆ ಕಾಡು ಕಡಿದು ನೆಲೆಸಿದ ಊರು ಅದು. ಅವರ ಹುರಿದ ಬಾರ್ಲಿಯ ತ್ಸಂಪಾ ನಮ್ಮ ಹುರಿಹಿಟ್ಟಿಗೆ ಖಾಸಾ ಅಣ್ಣ. ಬೆಣ್ಣೆ, ಉಪ್ಪು ಹಾಕಿದ ಚಹಾ ಬಟ್ಟಲಿನಲ್ಲಿ ಒಂದು ಗುಟುಕು ಕಡಿಮೆಯಾದರೆ ಮತ್ತೆ ತುಂಬುತ್ತಾರೆ. ಅತಿಥಿಯ ಬಟ್ಟಲು ಬರಿದಾಗಬಾರದು. ನನಗೆ ಚಹಾ ಕೊಟ್ಟ ತರುಣ ಭಿಕ್ಷು ಅಲ್ಲೇ ಹುಟ್ಟಿ ಬೆಳೆದವನು, ಕನ್ನಡ ನನಗಿಂತ ಚುರುಕು. ನನ್ನ ಹೊಟ್ಟೆಯನ್ನೂ ತನ್ನ ಹೊಟ್ಟೆಯನ್ನೂ ನೋಡಿ ಹೇಳಿದ: "ಅಂಕಲ್, ನಮ್ಮ ತಾತ ಹಿಮದಲ್ಲಿ ದಿನಕ್ಕೆ ಇಪ್ಪತ್ತು ಬಟ್ಟಲು ಇದನ್ನ ಕುಡಿದು ಗುಡ್ಡ ಹತ್ತೋರು. ನಾನು ಎರಡು ಕುಡಿದು ಸ್ಕೂಟರ್ ಹತ್ತೀನಿ."

ಈ ಒತ್ತಾಯದ ಬಡಿಸುವಿಕೆಗೆ ಮದ್ದು ವಿನಯಪಿಟಕದಲ್ಲೇ ಇದೆ, ನೂರಾರು ನಿಯಮಗಳ ನಡುವೆ ಸದ್ದಿಲ್ಲದೆ ಕೂತಿದೆ. ಉಣ್ಣುತ್ತಿರುವ ಭಿಕ್ಷುವಿಗೆ ಇನ್ನಷ್ಟು ನೀಡಲು ಬಂದಾಗ ಅವನು ಸಾಕು ಎಂದನೋ, ಮುಗಿಯಿತು. ಕೂತಲ್ಲಿಂದ ಎದ್ದ ಮೇಲೆ ಆ ದಿನ ಬೇರೆ ಊಟ ಮುಟ್ಟುವಂತಿಲ್ಲ, ಮುಟ್ಟಿದರೆ ದೋಷ. ಅಷ್ಟೇ ಅಲ್ಲ, ಅವನು ಸಾಕೆಂದದ್ದು ಗೊತ್ತಿದ್ದೂ, ಅವನನ್ನು ತಪ್ಪಿಗೆ ಸಿಕ್ಕಿಸಲೆಂದು, ತಗೋ ತಿನ್ನು ಎಂದು ತಂದು ಒತ್ತಾಯ ಮಾಡುವ ಇನ್ನೊಬ್ಬ ಭಿಕ್ಷುವಿಗೂ ದೋಷವಿದೆ. ಅದನ್ನು ಓದಿ ನಾನು ಪುಸ್ತಕ ಕಣ್ಣಿಗೊತ್ತಿಕೊಂಡೆ. ನಮ್ಮಲ್ಲಿ ಉಪಚಾರವೆನಿಸಿಕೊಂಡದ್ದನ್ನು ಆ ಮಹಾನುಭಾವರು ಅಪರಾಧಗಳ ಪಟ್ಟಿಯ ಪಕ್ಕದಲ್ಲಿಟ್ಟಿದ್ದಾರೆ. ಇನ್ನೂ ಕಟ್ಟುನಿಟ್ಟಿನವರು ಪಾಲಿಸುವ, ಧುತಾಂಗ ಎಂಬ 13 ವ್ರತಗಳಲ್ಲಿ ಒಂದಕ್ಕೆ ಖಲು ಎಂಬ ಹಕ್ಕಿಯ ಹೆಸರಿದೆ. ಕೊಕ್ಕಿನ ಹಣ್ಣು ಒಮ್ಮೆ ಜಾರಿ ಬಿದ್ದರೆ ಆ ಹಕ್ಕಿ ಇನ್ನೊಂದನ್ನು ತಿನ್ನುವುದಿಲ್ಲವಂತೆ. ನನಗೆ ಗೊತ್ತಿರುವ ಹಕ್ಕಿಗಳೆಲ್ಲ ಕಾಗೆಯ ಜಾತಿಯವು.

ಹೋದ ಭಾನುವಾರ ಅಕ್ಕನ ಮನೆಯಲ್ಲಿ ಈ ಶಾಸ್ತ್ರವನ್ನು ಪ್ರಯೋಗಿಸಿದೆ. ಎರಡನೆಯ ಹೋಳಿಗೆ ಬಂದಾಗ ಬೆನ್ನು ನೆಟ್ಟಗೆ ಮಾಡಿ, ಎಲ್ಲರಿಗೂ ಕೇಳಿಸುವ ಹಾಗೆ, "ಸಾಕು" ಎಂದೆ. ಅಕ್ಕ ಸೌಟು ಹಿಡಿದೇ ನಿಂತುಬಿಟ್ಟಳು. "ಯಾಕೋ, ಮೈ ಸರಿಯಿಲ್ವಾ? ಬಿಪಿ ನೋಡಿಸಿದ್ಯಾ?" ಎಂದಳು. ಭಾವ ಕಾರು ತೆಗೆಯಲೇ ಎಂದರು. ಅವರ ಗಾಬರಿ ಇಳಿಸಲು ಬೇರೆ ದಾರಿ ಕಾಣದೆ ಮೂರು ಹೋಳಿಗೆ ತಿಂದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಾನು ನಿಮ್ಮ ಮನೆಗೆ ಬಂದಾಗ ಒಮ್ಮೆ ಸಾಕು ಎಂದರೆ ದಯವಿಟ್ಟು ನಂಬಿ, ಪಾತ್ರೆ ಒಳಗೆ ತೆಗೆದುಕೊಂಡು ಹೋಗಿ, ಬೇಕಾದರೆ ಅಡುಗೆಮನೆಯ ಚಿಲಕವನ್ನೂ ಹಾಕಿ. ಆಂಬೊಡೆ ಮಾಡಿದ ದಿನ ಮಾತ್ರ ಇನ್ನೊಂದು ಸಲ ಕೇಳಿ ನೋಡಿ.